ಮಳೆಯಿಲ್ಲದ ದಿನ ಆಡಿದ ವೈಪರ್

ಕಾರು ಕಂಪನಿಯ ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಾರು ನನ್ನ ಅಮ್ಮ ಇಟ್ಟ ಕುಂಕುಮವನ್ನು ಅಳಿಸಿ ಹಾಕಿತು. ಇದರಲ್ಲಿ ದೋಷವೇನೂ ಇಲ್ಲವೆಂದು ನಿಮ್ಮ ವಿಭಾಗ ದೂರನ್ನು ಮುಚ್ಚಿದೆ. ಮುಚ್ಚಿದ್ದನ್ನು ತೆರೆಸಲು ಬೇರೆ ದಾರಿ ಕಾಣದೆ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ಮಾತಾಡಲು ನನಗೆ ಬಾರದು, ಬರೆಯಲು ಸ್ವಲ್ಪ ಬರುತ್ತದೆ. ಕನ್ನಡ ಎಂ.ಎ. ಮಾಡಿ ಉಳಿಸಿಕೊಂಡದ್ದು ಅಷ್ಟೇ.

ಕಾರು ಕೊಂಡವರು ನನ್ನ ಸೋದರಮಾವ ಪುಟ್ಟರಾಜು. ಮಂಡ್ಯದ ಶೋರೂಮಿಗೆ ನಾನೂ ಜೊತೆಗೆ ಹೋಗಿದ್ದೆ. ನಿಮ್ಮ ಕಡೆಯ ಹುಡುಗ ಬಾಟಲಿಯಿಂದ ಮುಂದಿನ ಗಾಜಿಗೆ ನೀರು ಚಿಮುಕಿಸಿದ. ವೈಪರ್ ತಾನಾಗಿ ಎದ್ದು ಒರೆಸಿ ಮಲಗಿತು. "ನೀವು ಏನೂ ಮಾಡಂಗಿಲ್ಲ ಸಾರ್, ಮಳೆ ಬಂದ್ರೆ ಅದಕ್ಕೇ ಗೊತ್ತಾಗುತ್ತೆ" ಎಂದ. ಮಾವ ನನ್ನ ಕಡೆ ತಿರುಗಿ, "ನೋಡ್ದಾ ಮಗಾ, ನಿಮ್ಮತ್ತೆಗಿಂತ ಚುರುಕಾಗದೆ" ಎಂದು ನಕ್ಕರು. ಹುಡುಗ ಸ್ಟೇರಿಂಗ್ ಪಕ್ಕದ, ವೈಪರ್ ಆಡಿಸುವ ಕಡ್ಡಿಯನ್ನು 'ಆಟೋ'ದಲ್ಲೇ ಬಿಟ್ಟು ಕೀ ಕೊಟ್ಟ. ಹೊಸ ಕಾರು ಈ ಸೀಮೆಯಲ್ಲಿ ಶೋರೂಮಿನಿಂದ ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿಯದೇ? ನಿಮಗೆ ತಿಳಿಯದೇ?

ಕಾರು ನೇರವಾಗಿ ನಮ್ಮೂರ ಗುಡಿಯ ಮುಂದೆ ಬಂದು ನಿಂತಿತು. ನಮ್ಮ ಊರು ಹಲಗೂರಿನ ಪಕ್ಕ. ಪೂಜೆ ಮಾಡಬೇಕಾದವಳು ಅಕ್ಕ, ಅಂದರೆ ನನ್ನ ಅಮ್ಮ ದೇವಿರಮ್ಮ, ಎಂಬುದು ಮಾವನ ಹಟ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. ಯಾರೂ ಬೇಡವೆನ್ನುವ ಮೊದಲೇ ಒಲೆಯ ಹತ್ತಿರ ಹೋಗಿ ಕೂರುವುದನ್ನು ಕಲಿತುಬಿಟ್ಟಿದ್ದಳು. ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಆ ಕೈ ಬಡಿಸಿದ ಅನ್ನವನ್ನು ಊರಿನ ಮಕ್ಕಳೆಲ್ಲ ಉಣ್ಣಬಹುದು, ಆ ಕೈ ಕುಂಕುಮದ ಬಟ್ಟಲು ಮುಟ್ಟಬಾರದು. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ನಂಗ್ಯಾಕಪ್ಪ ಇವೆಲ್ಲಾ, ನಿನ್ನೆಡ್ತಿ ಕೈಲಿ ಇಕ್ಸು" ಎಂದಳು ಅಮ್ಮ.

"ನೀನಿಕ್ಕುದ್ರೆ ಗಾಡಿ ಮನೆಗ್ ಬತ್ತದೆ. ಇಲ್ದಿದ್ರೆ ಇಲ್ಲೇ ನಿಂತಿರ್ಲಿ ಬುಡು, ಕೋಳಿ ಕಾವಿಗ್ ಕೂರ್ಸನ" ಎಂದರು ಮಾವ. ಅತ್ತೆಯೇ ಬಟ್ಟಲನ್ನು ತಂದು ಅಮ್ಮನ ಕೈಗೆ ಕೊಟ್ಟರು.

ಅಮ್ಮ ತುದಿಗಾಲಲ್ಲಿ ನಿಂತು ಗಾಜಿನ ಮೇಲೆ ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಳು. ಬೊಟ್ಟು ದುಂಡಗೆ ಬಂತೇ ಎಂದು ತಲೆ ವಾರೆ ಮಾಡಿ ನೋಡಿದಳು. ಅಷ್ಟು ವರ್ಷಗಳ ಮೇಲೆ ಅವಳ ಮುಖದಲ್ಲಿ ಅಂಥ ನಾಚಿಕೆಯನ್ನು ಕಂಡೆ. ಚಕ್ರದಡಿಯ ನಿಂಬೆಹಣ್ಣು ಹಾಯಿಸಲು ಮಾವ ಒಳಗೆ ಕೂತು ಗಾಡಿ ಚಾಲೂ ಮಾಡಿದರು. ಪೂಜಾರಿ ಲಿಂಗಯ್ಯನವರು ಮಾವಿನೆಲೆ ಅದ್ದಿ ತೀರ್ಥ ಚಿಮುಕಿಸಿದರು.

ಅದಕ್ಕೆ ಗೊತ್ತಾಯಿತು.

ವೈಪರಿನ ಎರಡೂ ಕಡ್ಡಿಗಳು ಎದ್ದು ಆ ತುದಿಯಿಂದ ಈ ತುದಿಗೆ ಒರೆಸಿದವು. ಗಾಜು ಪೂರ್ತಿ ಕೆಂಪಾಯಿತು. ನಿಲ್ಲಿಸಲು ಹೋಗಿ ಮಾವ ಗಾಬರಿಯಲ್ಲಿ ಯಾವುದನ್ನೋ ಎಳೆದರು. ಕೆಳಗಿನಿಂದ ಸೋಪಿನ ನೀರು ಚಿಮ್ಮಿತು, ಕಡ್ಡಿಗಳು ಮತ್ತೆ ಮತ್ತೆ ಆಡಿದವು. ನೋಡುತ್ತಿದ್ದಂತೆ ಗಾಜು ಫಳಫಳ ಹೊಳೆಯತೊಡಗಿತು. ಬೊಟ್ಟಿನ ಗುರುತೂ ಉಳಿಯಲಿಲ್ಲ. "ಇದ್ಯಾಕ್ಲಾ ಇಂಗಾಡ್ತದೆ!" ಎಂದು ಲಿಂಗಯ್ಯನವರು ಹಿಂದೆ ಸರಿದರು. ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಗಾಡಿಗೇ ಗೊತ್ತಾಯ್ತು ಕಣವ್ವ."

ನಿಮ್ಮ ಹುಡುಗನೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದನಲ್ಲವೇ?

ಅಮ್ಮನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಮಾವ ಜಗಳಕ್ಕಾದರೂ ನಿಲ್ಲುತ್ತಿದ್ದರು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಜನರ ಹಿಂದೆ ಹೋಗಿ ನಿಂತಳು. ಅತ್ತೆ ಹೊಸದಾಗಿ ಕುಂಕುಮ ಇಟ್ಟರು. ಅಷ್ಟರಲ್ಲಿ ಮಾವ ಗಾಡಿ ಆರಿಸಿದ್ದರು. ಹಾಗಾಗಿ ಅದು ಉಳಿಯಿತು. ನೋಡಿದವರಿಗೆ ಉಳಿದದ್ದಷ್ಟೇ ಕಂಡಿತು, ಯಾಕೆ ಉಳಿಯಿತೆಂಬುದು ಬೇಕಾಗಿರಲಿಲ್ಲ.

ಇದು ಜನರ ಮೂಢನಂಬಿಕೆ, ಯಂತ್ರದ ತಪ್ಪಲ್ಲ ಎನ್ನುತ್ತೀರಿ. ಒಪ್ಪುತ್ತೇನೆ. ನನ್ನ ಜನರನ್ನು ನಾನು ಬಿಟ್ಟುಕೊಡುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಆದರೆ ನಿಮ್ಮ ಜಾಹೀರಾತಿನಲ್ಲಿ ತಾಯಿಯೊಬ್ಬಳು ಹೊಸ ಕಾರಿಗೆ ಆರತಿ ಎತ್ತುತ್ತಾಳೆ, ಹೂವು ಬೀಳುತ್ತದೆ, ಕಾಯಿ ಒಡೆಯುತ್ತದೆ. ಅವಳ ಹಣೆಯ ತುಂಬ ಕುಂಕುಮ. ಅಲ್ಲಿ ವೈಪರ್ ಅಲುಗುವುದಿಲ್ಲ. ಮಾರುವಾಗ ನೆನಪಿರುವ ಪೂಜೆ, ಕಡ್ಡಿಯನ್ನು ಎಲ್ಲಿ ಬಿಡಬೇಕೆಂದು ಯೋಚಿಸುವಾಗ ಯಾಕೆ ಮರೆಯುತ್ತದೆ?

ರಸ್ತೆಯಲ್ಲಾದರೂ ಅದಕ್ಕೆ ನೀರು ಯಾವುದು, ಧೂಳು ಯಾವುದು ತಿಳಿಯುತ್ತದೆಯೇ ಎಂದರೆ ಅದೂ ಇಲ್ಲ. ಮದ್ದೂರಿನಿಂದ ಮಳವಳ್ಳಿಗೆ ಬರುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬರೀ ಧೂಳಿಗೆ ಒಣಗಾಜನ್ನು ಕಿರ್ರೆಂದು ಕೆರೆಯುತ್ತದೆ. ಎದುರಿನ ಲಾರಿ ಕೆಸರುನೀರು ಎರಚಿ ದಾರಿಯೇ ಕಾಣದಾದಾಗ ಎಲೆಅಡಿಕೆ ಹಾಕಿಕೊಂಡು ಕೂತವರಂತೆ ಸುಮ್ಮನಿರುತ್ತದೆ. "ಒರ್ಸ್ಲಾ! ಲೇ, ಒರ್ಸ್ಲಾ!" ಎಂದು ಮಾವ ಗದರುತ್ತಾರೆ. ಮೊದಮೊದಲು ನಾನು ನಗುತ್ತಿದ್ದೆ.

ಮುಂದಿನ ತಿಂಗಳು ಮದ್ದೂರಿನಲ್ಲಿ ನನ್ನ ಅಕ್ಕ ದೀಪಿಕಳ ಮದುವೆ. ಅರಿಶಿನ ಶಾಸ್ತ್ರದ ದಿನ ಮೊದಲ ಕುಂಕುಮ ಅಮ್ಮನೇ ಇಡಬೇಕು ಎಂದು ಅವಳು ಹಿಡಿದ ಹಟಕ್ಕೆ ಅಮ್ಮ ಸೋತು ಒಪ್ಪಿದ್ದಳು. ಈಗ ಒಲ್ಲೆನ್ನುತ್ತಾಳೆ.

"ಒಂದು ವೈಪರ್ ಮಾತು ಕೇಳ್ತೀಯ, ನನ್ ಮಾತು ಕೇಳಕಿಲ್ವ?" ಎಂದು ದೀಪಿಕ ಅತ್ತಳು.

"ಕಾರಾದ್ರೆ ಗಾಜು ಕಣಮ್ಮ. ನಿನ್ ಹಣೆ?" ಎಂದಳು ಅಮ್ಮ.

ಹೋದ ಭಾನುವಾರ ನಾನು ಧೈರ್ಯ ಮಾಡಿದೆ. ಕಾರನ್ನು ಅಂಗಳಕ್ಕೆ ತರಿಸಿ, ಚಾಲೂ ಮಾಡಿಸಿ, ಕಡ್ಡಿಯನ್ನು ನಾನೇ 'ಆಟೋ'ಗೆ ಹಾಕಿ ಅಮ್ಮನನ್ನು ಹೊರಗೆ ಕರೆದೆ. ಬರೀ ನೀರಿಗೂ ಇದು ಹೀಗೇ ಆಡುತ್ತದೆ ನೋಡು ಎಂದು ಒಂದು ಚೊಂಬು ನೀರನ್ನು ಗಾಜಿಗೆ ಸುರಿದೆ. ವೈಪರ್ ಅಲುಗಲಿಲ್ಲ. ಕೈಯಿಂದ ಚಿಮುಕಿಸಿದೆ, ಅಲುಗಲಿಲ್ಲ. ನಾನು ಓಡಿ ಹೋಗಿ ಇನ್ನೊಂದು ಚೊಂಬು ತಂದೆ. ಆವರೆಗೂ ಅಮ್ಮ ತಾಳ್ಮೆಯಿಂದ ನಿಂತಿದ್ದಳು, ನನಗಾಗಿ ನಿಂತಿದ್ದಳು. ಕೊನೆಗೆ, "ಬುಡು ಮಗಾ. ಅವತ್ತು ಅದು ಅಳುಸ್ದುದ್ದು ನೀರ್ಗಲ್ಲ" ಎಂದು ಒಳಗೆ ಹೋದಳು. ಅವಳು ಹೋದ ಮೇಲೆ, ಇನ್ನೇನು ಒಣಗುತ್ತಿದ್ದ ಗಾಜಿನ ಮೇಲೆ ವೈಪರ್ ಒಂದು ಸಲ ಎದ್ದು ಒರೆಸಿ ಮಲಗಿತು. ನಾನು ಅವಳನ್ನು ಮತ್ತೆ ಕರೆಯಲಿಲ್ಲ.

ನಿಮ್ಮ ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿ ನೋಡಿ ದೋಷವಿಲ್ಲ ಎಂದ. ನಿಮ್ಮ ವಿಭಾಗ, ಮಳೆ ಗುರುತಿಸುವ ಸೆನ್ಸರ್ "ವಿನ್ಯಾಸಕ್ಕೆ ಅನುಗುಣವಾಗಿ ಕಾರ್ಯನಿರ್ವಹಿಸುತ್ತಿದೆ" ಎಂದು ಬರೆಯಿತು. ಒಳ್ಳೆಯದು. ಯಂತ್ರದಲ್ಲಿ ದೋಷವಿಲ್ಲ. ನೀರಿನಲ್ಲಿ ದೋಷವಿರಲು ಸಾಧ್ಯವಿಲ್ಲ, ಅದು ತೀರ್ಥ. ಹಾಗಾದರೆ ಇನ್ನು ಉಳಿದದ್ದು ಏನು ಮಾನ್ಯರೇ? ಊರು ಹೇಳದೆ ಬಿಟ್ಟದ್ದನ್ನು ನಿಮ್ಮ ಪತ್ರ ಹೇಳಿ ಮುಗಿಸಿತು.

ನನಗೆ ಪರಿಹಾರ ಬೇಡ, ಹೊಸ ಸೆನ್ಸರೂ ಬೇಡ. ಮದುವೆಗೆ ಮುಂಚೆ ಆ ಹುಡುಗನನ್ನು ಅದೇ ಬಾಟಲಿಯ ಜೊತೆ ನಮ್ಮೂರ ಗುಡಿಯ ಮುಂದಕ್ಕೆ ಕಳಿಸಿ. ಅದೇ ಜನರ ಎದುರು, ಅತ್ತೆಯಿಂದ, ಪೂಜಾರಿಯಿಂದ, ಆ ಅಜ್ಜಿಯಿಂದಲೂ ಕುಂಕುಮ ಇಡಿಸಿ ನೀರು ಚಿಮುಕಿಸಲಿ. ಯಾರ ಕೈಯದನ್ನಾದರೂ ಅದು ಒರೆಸುತ್ತದೆಂದು ತೋರಿಸಲಿ. ಅವತ್ತೂ ಅದು ಅಲುಗದೇ ಹೋಗಬಹುದೆಂಬ ಭಯ ನಿಮಗಿದ್ದರೆ, ಕನ್ನಡದಲ್ಲಿ ಒಂದೇ ಸಾಲು ಬರೆದು ಕಳಿಸಿ: ನಮ್ಮ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಅಷ್ಟು ಸಾಕು. ನಮ್ಮ ಅಮ್ಮ ಕಂಪನಿಯ ಮಾತನ್ನು ನಂಬುತ್ತಾಳೆ, ನನ್ನ ಮಾತನ್ನಲ್ಲ.

ಇಂತಿ,
ಆ ಸಾಲನ್ನು ಗುಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಓದಲು ಈಗಿನಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಿರುವ,
ದೇವಿರಮ್ಮನ ಕಿರಿಯ ಮಗಳು
ಮಂಜುಶ್ರೀ
ಹಲಗೂರು ಹೋಬಳಿ, ಮಳವಳ್ಳಿ ತಾಲ್ಲೂಕು