ಹದಡಿ ಲಕ್ಷ್ಮೀದೇವಿ ಹೆಸರಿನ ಚೀಟಿ

ದಾವಣಗೆರೆ
೧೪ ನವೆಂಬರ್ ೨೦೨೫

ಪ್ರೀತಿಯ ಲಕ್ಷ್ಮೀ,

ಹೇಗಿದ್ದೀಯೇ? ಎರಡು ತಿಂಗಳಿಂದ ನಿನ್ನ ಫೋನ್ ಎತ್ತಲಿಲ್ಲ, ಬೈಯಬೇಡ. ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಈ ಕಾಗದ. ಮೊದಲು ಖುಷಿಯ ಸುದ್ದಿ ಕೇಳು. ನಿನ್ನ ಗೆಳತಿ ವಿಮಾನ ಹತ್ತಿ ಮಸ್ಕತ್‌ಗೆ ಹೋಗಿ ಬಂದಳು ಕಣೇ! ಅಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಎಂಟುನೂರು ಬೆಣ್ಣೆದೋಸೆ ಹೊಯ್ದೆ. ರಟ್ಟೆ ಇನ್ನೂ ನೋಯುತ್ತಿದೆ.

ಇಷ್ಟು ವರ್ಷ ನಿನಗೂ ಮುಚ್ಚಿಟ್ಟದ್ದೊಂದಿದೆ. ಇಪ್ಪತ್ತೆರಡನೇ ವಯಸ್ಸಿನಿಂದ ನನಗೆ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಗೊತ್ತಾದರೆ ಮದುವೆಯಾಗದು ಎಂದು ಹೆದರಿದ ಅವ್ವ, ಆಸ್ಪತ್ರೆಯಲ್ಲಿ ಬೇರೆ ಹೆಸರು ಬರೆಸು ಅಂದಳು. ಬಾಯಿಗೆ ಬಂದದ್ದು ನಿನ್ನ ಹೆಸರು. ಇಪ್ಪತ್ತೊಂದು ವರ್ಷ ಆ ಆಸ್ಪತ್ರೆಯಲ್ಲಿ ನಾನು ಹದಡಿ ಲಕ್ಷ್ಮೀದೇವಿ! ಮದುವೆಯಾದ ಮೇಲೆ ನಮ್ಮನೆಯವರಿಗೆ ಹೇಳಿದೆ, "ಆಗ್ಲಿ ಬಿಡು" ಅಂದರು. ಉಳಿದವರ ಕಣ್ಣಿಗೆ ಬೀಳದಂತೆ ಇನ್ಸುಲಿನ್ ಪೆನ್ನುಗಳನ್ನು ನಮ್ಮ ದೋಸೆ ಹೋಟೆಲಿನ ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಇಡುತ್ತಿದ್ದೆ.

ಟಿಕೆಟ್ ಮಾಡಿಸಿಕೊಟ್ಟ ಶಬ್ಬೀರನಿಗೆ ವಿಧಿಯಿಲ್ಲದೆ ವಿಷಯ ಹೇಳಿದೆ. "ಸೂಜಿ, ಇನ್ಸುಲಿನ್ ಎಲ್ಲಾ ಕೈಚೀಲದಾಗೇ ಇಟ್ಕಳ್ರಿ ಅಕ್ಕಾ, ಲಗೇಜಿಗೆ ಹಾಕಿದ್ರೆ ಥಂಡಿಗೆ ಕೆಡ್ತೈತೆ. ಡಾಕ್ಟರ್ ಚೀಟಿ ಬೇಕು. ಪಾಸ್‌ಪೋರ್ಟ್‌ನಾಗಿರೋ ಹೆಸರೇ ಇರ್ಬೇಕು ನೋಡ್ರಿ" ಅಂದ. ಪಾಸ್‌ಪೋರ್ಟಿನಲ್ಲಿ ನಾನು ಸುಧಾ!

ಹೋಗುವುದೇ ಬೇಡ ಎಂದು ಮೂರು ದಿನ ಕೂತೆ. ನಾಲ್ಕನೇ ದಿನ ಸಿಟ್ಟು ಬಂತು, ನನ್ನ ಮೇಲೇ. ಎದ್ದು ಆಸ್ಪತ್ರೆಗೆ ನಡೆದೆ. ಬೆಂಚಿನ ತುಂಬ ನಮ್ಮ ಕಡೆಯ ಜನ. ಕಾಂಪೌಂಡರ್ ಗೌಸ್ ಪೀರ್, "ಹದಡಿ ಲಕ್ಷ್ಮೀದೇವೀ" ಎಂದು ಕೂಗಿದ. ಎದ್ದು ನಿಂತೆ.

"ನಾನು ಲಕ್ಷ್ಮೀದೇವಿ ಅಲ್ರೀ, ಭಾನುವಳ್ಳಿ ಸುಧಾ. ಸಕ್ಕರೆ ಕಾಯ್ಲೆ ನಂದು, ಹೆಸರು ಗೆಳತೀದು."

ಅದು ಒಳಗಿನ ಕೋಣೆಗೂ ಕೇಳಿಸಿತ್ತು. ಡಾಕ್ಟರ್ ಶಿವಮೂರ್ತಿ ಕನ್ನಡಕ ತೆಗೆದು, "ಹಂಗಾರೆ ಇಷ್ಟು ವರ್ಷ ನಾನು ಬೈದಿದ್ದು ಯಾರಿಗವ್ವಾ?" ಅಂದರು. ಪಾಸ್‌ಪೋರ್ಟ್ ನೋಡಿ, ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಿ, ಸುಧಾ ಹೆಸರಿಗೇ ಇಂಗ್ಲಿಷಿನಲ್ಲಿ ಚೀಟಿ ಬರೆದು ಸೀಲು ಒತ್ತಿದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಪೆನ್ನು ಎತ್ತಿ ಹಿಡಿದು, "ಯಾರದಿದು?" ಅಂದಳು. "ನಂದು" ಅಂದೆ. ಚೀಟಿ, ಪಾಸ್‌ಪೋರ್ಟ್, ನನ್ನ ಮೋರೆ ಮೂರನ್ನೂ ನೋಡಿ, "ಸರಿ ಸುಧಾ ಅವರೇ, ಹೋಗಿ" ಅಂದಳು. ಅಷ್ಟೇ ಕಣೇ! ಇಷ್ಟಕ್ಕಾ ನಾನು ಅಷ್ಟು ವರ್ಷ ಹೆದರಿದ್ದು? ವಿಮಾನದಲ್ಲಿ ಊಟ ಬಂದಾಗ ಎಲ್ಲರೆದುರೇ ಸೂಜಿ ಚುಚ್ಚಿಕೊಂಡೆ. ಯಾರೂ ತಿರುಗಿಯೂ ನೋಡಲಿಲ್ಲ. ಈಗ ಪೆನ್ನುಗಳು ಬೆಣ್ಣೆ ಡಬ್ಬಿಯ ಮುಂದೆಯೇ ಇವೆ.

ಭಾನುವಾರ ಹದಡಿಗೆ ಬರುತ್ತೇನೆ. ಖರ್ಜೂರ ತಂದಿದ್ದೇನೆ, ನೀನೇ ತಿನ್ನಬೇಕು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಹೆಸರು ನಿನಗೇ ಒಪ್ಪಿಸಿದ,
ಸುಧಾ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿಕೊಂಡದ್ದು. ನಿನ್ನ ಆನಗೋಡಿನ ಸಂಬಂಧ ನಿಶ್ಚಿತಾರ್ಥದ ಹೊತ್ತಿಗೆ ಮುರಿದುಬಿತ್ತಲ್ಲ, ಅದಕ್ಕೆ ಎರಡು ದಿನ ಮುಂಚೆ ಗಂಡಿನ ಸೋದರತ್ತೆ ಅದೇ ಬೆಂಚಿನಲ್ಲಿದ್ದಳು. ನಿನ್ನನ್ನು ಅವಳಿನ್ನೂ ನೋಡಿರಲಿಲ್ಲ. ನಿನ್ನ ಹೆಸರು ಕೂಗಿ ನಾನು ಎದ್ದಾಗ ಪಕ್ಕದವಳಿಗೆ, "ಅಯ್ಯೋ, ನಮ್ ಹುಡುಗಂಗೆ ನೋಡಿರೋ ಹೆಣ್ಣು ಇದೇ ಕಣೇ! ಸಕ್ಕರೆ ಕಾಯ್ಲೆ ಐತೇನು?" ಅಂದಳು. ನನಗೆ ಕೇಳಿಸಿತು. ತಲೆ ತಗ್ಗಿಸಿ ಒಳಗೆ ಹೋದೆ. ಆಮೇಲೆ ನೀನು ಯಾವ ಗಂಡನ್ನೂ ಒಪ್ಪಲಿಲ್ಲ. "ನನ್ನಾಗೆ ಏನು ಐಬು ಕಂಡ್ರು ಅವ್ರು?" ಎಂದು ನನ್ನನ್ನೇ ಕೇಳಿ ಅತ್ತಿದ್ದೆ. ನಿನ್ನಲ್ಲಿ ಯಾವ ಐಬೂ ಇರಲಿಲ್ಲ ಲಕ್ಷ್ಮೀ. ಅವತ್ತು ನಾನು ಎದುರು ನಿಂತು ನನ್ನ ಹೆಸರು ಹೇಳಲಿಲ್ಲ.