ವದ್ದಾಹ್ ಬರೆದ ಪುಟ

ಅಕ್ಟೋಬರ್ 5, ಭಾನುವಾರ. ಅಮ್ಮಾನ್

ಪುದೀನ ಚಹಾ ಆರಿಹೋಯಿತು. ಬೆಳಗಿನಿಂದ ಅದೇ ಫೋನು. ನಮ್ಮ ಸಾಫ್ಟ್‌ವೇರ್ ‘ಮಿಸ್ತರಾ’ದಲ್ಲಿ ಗ್ರಾಫಿನ ಬಣ್ಣ ಬದಲಿಸುವುದು ಹೇಗೆ ಅಂತ ಒಬ್ಬ, ಅಕ್ಷರ ದೊಡ್ಡದು ಮಾಡುವುದು ಹೇಗೆ ಅಂತ ಇನ್ನೊಬ್ಬಳು. ಎಲ್ಲ ಕೈಪಿಡಿಯಲ್ಲಿದೆ ತಾಯೀ, ನಾನೇ ಬರೆದದ್ದು! ಓದಿದರೆ ತಾನೇ.

ಮಧ್ಯಾಹ್ನ ಬಾಸ್ ಅಬೂ ಹಾಜಿಮ್ ಮೀಟಿಂಗ್ ಕರೆದರು. ಇನ್ನು ಮುಂದೆ ಗ್ರಾಫ್ ಜೋಡಿಸುವವರು ನಮ್ಮ ಆಫೀಸಿನ ಹುಡುಗಿಯರಲ್ಲ, ಎಐ ಏಜೆಂಟ್‌ಗಳಂತೆ. ಅವಕ್ಕೆ ಓದಲು ಬೇರೆಯೇ ಕೈಪಿಡಿ ಬೇಕಂತೆ. ಸರಿ, ಪೆನ್ನು ತೆಗೆದೆ. ಬರೆಯುವವನು ವದ್ದಾಹ್ ಅಂದರು! ಬಂದು ಎರಡು ತಿಂಗಳಾಗಿಲ್ಲ, ಇನ್ನೂ ಪ್ರೊಬೇಷನ್.

“ಬೇಜಾರ್ ಮಾಡ್ಕೋಬೇಡಿ ಇಂತಿಸಾರ್ ಮೇಡಂ. ನೀವು ಬರೆಯೋದು ಸಾಹಿತ್ಯ. ಮಷೀನಿಗೆ ಅದೆಲ್ಲ ಬೇಡ.”

ಸಾಹಿತ್ಯವಂತೆ. ಎಂಟು ವರ್ಷದಿಂದ ಇಲ್ಲಿ ಕೈಪಿಡಿ ಬರೆಯುತ್ತಿದ್ದೇನೆ... ಪೆನ್ನು ಮುಚ್ಚಿಟ್ಟೆ.

ಅಕ್ಟೋಬರ್ 12, ಭಾನುವಾರ

ಅವನ ಪುಟ ಗೆದ್ದಿತು. ಏಜೆಂಟ್ ಅದನ್ನು ಓದಿಕೊಂಡು ಒಂದಿಡೀ ಇಂಗ್ಲಿಷ್ ವರದಿಗೆ ಗ್ರಾಫ್ ಮಾಡಿಟ್ಟಿದೆ. ಒಂದೂ ತಪ್ಪಿಲ್ಲ.

“ಏನಯ್ಯಾ, ಬರೀ ಬಾಯಲ್ಲೇ ಮುಗಿಸ್ತೀಯಾ? ಹೋಗು, ಕುನಾಫಾ ತಗೊಂಡ್ ಬಾ!” ಅಂದರು ಬಾಸ್. ತಂದ. ದೊಡ್ಡ ತಟ್ಟೆ ತುಂಬ ಸಿಹಿ, ಬಿಸಿ ಬಿಸಿ, ಚೀಸ್ ಎಳೆ ಎಳೆಯಾಗಿ ಬರುತ್ತಿತ್ತು.

“ಖಾಲ್ತೊ, ಗರಿಗರಿ ಅಂಚು ನಿಮಗೇ ಅಂತ ಎತ್ತಿಟ್ಟಿದೀನಿ.”

“ಶುಗರಪ್ಪಾ ನಂಗೆ.”

ಸುಳ್ಳು. ಖಾಲ್ತೊ ಬೇರೆ ಕೇಡಿಗೆ — ನಾನೇನು ಇವನಮ್ಮನ ತಂಗಿಯೇ?

ಎಲ್ಲರೂ ಹೋದ ಮೇಲೆ ಆ ಪುಟ ತೆಗೆದು ಓದಿದೆ. ಕಡ್ಡಿ ಮುರಿದಂಥ ಮಾತುಗಳು. ಇದನ್ನು ಮಾಡು. ಇದನ್ನು ಮಾಡಬೇಡ. ಮುಗಿಯಿತು. ನನಗೆ ಅವನಿಗಿಂತ ಅವನ ಓದುಗನ ಮೇಲೆ ಹೊಟ್ಟೆಕಿಚ್ಚು. ಮೊದಲಿನಿಂದ ಕೊನೆಯವರೆಗೆ ಓದಿ, ಹೇಳಿದ ಹಾಗೇ ಮಾಡುವ ಓದುಗ... ನನಗೆ ಅಂಥವರು ಒಬ್ಬರಾದರೂ ಸಿಕ್ಕಿದರೇ?

ಅಕ್ಟೋಬರ್ 15, ಬುಧವಾರ

ಇವತ್ತು ಏಜೆಂಟ್‌ಗೆ ಮೊದಲ ಅರಬ್ಬೀ ಕೆಲಸ. ನೀರಿನ ಇಲಾಖೆಯೊಂದರ ಅಣೆಕಟ್ಟುಗಳ ವರದಿ.

ಅವನ ಪುಟದಲ್ಲಿ ಒಂದು ಮಾತಿಲ್ಲ. ಅರಬ್ಬೀ ಗ್ರಾಫಿನಲ್ಲಿ ಮೊದಲ ವರ್ಷ ಬಲಗಡೆ ಬರಬೇಕು, ನಮ್ಮ ಕಣ್ಣು ಶುರುಮಾಡುವುದೇ ಅಲ್ಲಿಂದ. ಮಿಸ್ತರಾ ಎಡಗಡೆಯಿಂದ ಇಡುತ್ತದೆ. ಹುಡುಗಿಯರು ಯೋಚಿಸದೆಯೇ ಅದನ್ನು ತಿರುಗಿಸಿಬಿಡುತ್ತಿದ್ದರು. ನನ್ನ ಕೈಪಿಡಿಯಲ್ಲೂ ಇಲ್ಲ. ಮನೆಯೊಳಗೆ ಚಪ್ಪಲಿ ಬಿಟ್ಟು ಬನ್ನಿ ಅಂತ ಯಾರಾದರೂ ಬರೆಯುತ್ತಾರೆಯೇ? ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು! ಇಂಗ್ಲಿಷ್ ವರದಿ ಸರಿಬಂದ ಮೇಲೆ ಕೂತು ನೋಡುವವರೂ ಯಾರಿಲ್ಲ.

“ವದ್ದಾಹ್” ಅಂದೆ. ಹೆಡ್‌ಫೋನ್ ತೆಗೆದ.

“ಏನ್ ಖಾಲ್ತೊ?”

“ಏನಿಲ್ಲ. ಕಿಟಕಿ ಹಾಕು, ಧೂಳು.”

ಹಾಕಿದ.

ಅಕ್ಟೋಬರ್ 22, ಬುಧವಾರ

ವರದಿ ಅಚ್ಚಾಗಿ ಬಂತು. ವರ್ಷದಿಂದ ವರ್ಷಕ್ಕೆ ಬತ್ತುತ್ತಿರುವ ಅಣೆಕಟ್ಟುಗಳು ಬಲಗಡೆಯಿಂದ ಓದಿದರೆ ತುಂಬುತ್ತಿರುವ ಹಾಗೆ ಕಾಣುತ್ತಿವೆ. ಕೆಳಗೆ ವರ್ಷ ಹಾಕಿದೆ ನಿಜ, ಯಾರು ನೋಡುತ್ತಾರೆ? ವಾರಕ್ಕೊಮ್ಮೆ ನಲ್ಲಿ ಬಿಡುವ ಊರು ಇದು. ಯಾರೋ ಫೋಟೊ ತೆಗೆದು ಹಾಕಿದ್ದಾರೆ, ಊರೆಲ್ಲ ಛೀ ಥೂ.

ನಿಜ ಹೇಳಬೇಕೆಂದರೆ ಮೊದಲು ಖುಷಿಯಾಯಿತು. ಅನುಭವಿಸಲಿ ಅಂದುಕೊಂಡೆ.

ಬಾಸ್ ಎಲ್ಲರೆದುರೇ ಕೂಗಾಡಿದರು. “ಅರಬ್ಬರ ಮನೇಲಿ ಹುಟ್ಟಿದವನು ತಾನೇ ನೀನು? ಬಲಗಡೆಯಿಂದ ಓದ್ತೀವಿ ಅನ್ನೋದನ್ನೂ ಬಾಯಿಬಿಟ್ಟು ಹೇಳ್ಬೇಕಾ?”

“ತಪ್ಪು ನಂದೇ” ಅಂದ ವದ್ದಾಹ್. ಮುಖ ಬಿಳಚಿಕೊಂಡಿತ್ತು. “ಖಾಲ್ತೊ ಕೈಪಿಡೀನ ಮೂರ್ ಸಲ ಓದಿದೀನಿ, ಒಂದ್ ಪುಟಾನೂ ಬಿಡದೆ. ನನ್ ಪುಟ ಅಂದ್ರೆ ಅದರ ಸಾರಾನೇ. ಅವರು ಬರೀದೆ ಇದ್ದದ್ದು ಬೇಕಾಗೋದೇ ಇಲ್ಲ ಅಂದ್ಕೊಂಡ್ಬಿಟ್ಟೆ.”

ಆಮೇಲೆ ನನ್ನ ಕಡೆ ತಿರುಗಿದ. “ಬಣ್ಣದ ಪಾಠದಲ್ಲಿ ನಿಮ್ಮತ್ತೆ ಮನೆ ಪರದೆ ವಿಷಯ ಬರುತ್ತಲ್ಲ ಖಾಲ್ತೊ... ಬಸ್ಸಲ್ಲಿ ಒಬ್ನೇ ನಕ್ಕೂ ನಕ್ಕೂ ಸಾಕಾಯ್ತು.”

ಆ ಜೋಕು ಬರೆದದ್ದು ಮೊದಲ ವರ್ಷ. ಇವತ್ತಿನವರೆಗೆ ಒಬ್ಬರೂ ಅದರ ಮಾತೆತ್ತಿರಲಿಲ್ಲ. ಎದ್ದು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಅವನಿಗೆ ನಾಳೆಯೇ ಕೊನೆ ದಿನವಂತೆ.

ಅಕ್ಟೋಬರ್ 23, ಗುರುವಾರ. ಬೆಳಿಗ್ಗೆ

ನಿದ್ದೆಯಿಲ್ಲ. ಎಲ್ಲರಿಗಿಂತ ಮೊದಲು ಬಂದೆ ಅಂದುಕೊಂಡರೆ ಅವನು ಆಗಲೇ ಮೇಜು ಖಾಲಿ ಮಾಡುತ್ತಿದ್ದಾನೆ. ಬಟ್ಟಲು ಕಾಗದದಲ್ಲಿ ಸುತ್ತಿಟ್ಟ. ನನಗೂ ಕಾಫಿ ಮಾಡಿ ತಂದುಕೊಟ್ಟ.

ಎಂಟು ವರ್ಷ ಬಯಸಿದ ಓದುಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅವನನ್ನೇ ಕೆಡವಿದೆನಲ್ಲ.

ಅಬೂ ಹಾಜಿಮ್ ಬಂದರು. ಬಾಗಿಲ ಸದ್ದಾಯಿತು. ಒಳಗೆ ಹೋದರೆ ಬಾಯಿ ಕಟ್ಟುತ್ತದೆ. ಹೇಳಬೇಕಾದದ್ದನ್ನು ಇಲ್ಲೇ ಬರೆದುಕೊಂಡು ಹೋಗುತ್ತೇನೆ — ಅಬೂ ಹಾಜಿಮ್, ಕಳಿಸಬೇಕಾದದ್ದು ಅವನನ್ನಲ್ಲ. ಅಚ್ಚಿಗೆ ಹೋಗುವ ಮೊದಲೇ ನನಗೆ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ.