ಮಗ್ಗದ ಸಪ್ಪಳ

ಬನಹಟ್ಟಿ
೯ ಜೂನ್ ೨೦೨೪

ಚಿ. ಮಧುಮತಿಗೆ ಅಪ್ಪನ ಆಶೀರ್ವಾದಗಳು.

ಮುಂದೇನು ಮಾಡಲಿ ಎಂದು ನೀನು ಕೇಳಿ ಹದಿನೈದು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಗ್ಗದ ಸಪ್ಪಳಕ್ಕೆ ಅರ್ಧ ಮಾತು ಕೇಳಿಸುವುದಿಲ್ಲ ಎಂದು ನೀನೇ ಬೈಯುತ್ತೀ. ಅದಕ್ಕೇ ನಿನ್ನ ಹಳೆಯ ಲ್ಯಾಬ್ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ಜಮಖಂಡಿಯಿಂದ ನಿನ್ನ ಮಾವ ವೀರಣ್ಣ ಬಂದಿದ್ದ. ಇಂಜಿನಿಯರಿಂಗ್ ಮುಗಿಸಿದವಳಿಗೆ ಎಂಬಿಎ ಯಾಕೆ, ಅಂಗಡಿಯಲ್ಲಿ ಕೂತರೆ ವ್ಯಾಪಾರ ತಾನೇ ಬರುತ್ತದೆ ಎಂದು ಎರಡು ಕಪ್ ಚಹಾ ಮುಗಿಯುವವರೆಗೂ ಹೇಳಿದ. ಹೋಗುವಾಗ, ತನ್ನ ಮಗನಿಗೆ ಎಂಬಿಎ ಸೀಟು ಎಲ್ಲಿ ಸಿಗುತ್ತದೆ ಎಂದು ನಿನ್ನನ್ನು ಕೇಳಲು ಹೇಳಿದ. ನಗು ಬರಬೇಕಿತ್ತು, ಬರಲಿಲ್ಲ. ಈಚೆಗೆ ಯಾವುದೂ ಅಷ್ಟಾಗಿ ತಟ್ಟುವುದಿಲ್ಲ. ಬಹಳ ಹೊತ್ತು ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ. ಉಣ್ಣುತ್ತೇನೆ, ಮಲಗುತ್ತೇನೆ.

ಪುಣೆಯ ಕಾರ್ಖಾನೆಯ ಕೆಲಸವೋ ಎಂಬಿಎಯೋ, ಹದಿನೈದನೇ ತಾರೀಖಿನೊಳಗೆ ತಿಳಿಸಬೇಕು ಎಂದು ನೀನು ಅಂದಿದ್ದೆ. ಎಂಬಿಎ ಸೀಟಿನ ಸಂದರ್ಶನದಲ್ಲಿ, ಮನೆಯ ನಾಲ್ಕು ಮಗ್ಗ ನಡೆಸಲಿಕ್ಕೇ ಎಂಬಿಎ ಮಾಡುತ್ತೇನೆ, ನಮ್ಮ ಸೀರೆ ನಾವೇ ಮಾರುತ್ತೇವೆ ಎಂದು ಹೇಳಿದೆಯಂತೆ. ನೀನು ಅದನ್ನು ಹೇಳಿದಾಗ ನಾನು "ಛಲೋ ಆತು" ಅಂದೆ.

ನೀನು ಆರನೇ ಇಯತ್ತೆಯಲ್ಲಿದ್ದಾಗಿನದು ನೆನಪಿದೆಯೇ? ಮಗ್ಗ ನಿಂತಿತ್ತು. ಮಿಸ್ತ್ರಿ ಬರುವುದರೊಳಗೆ ನೀನೇ ಪಾನಾ ಹಿಡಿದು ಬಿಚ್ಚಿ ಕೂತಿದ್ದೆ. ಲಂಗದ ತುಂಬ ಗ್ರೀಸು. ಯಂತ್ರದ ಮುಂದೆ ನಿನ್ನ ಮುಖ ಹೇಗಿರುತ್ತದೆ ಎಂದು ನಾನು ಬಲ್ಲೆ. ವ್ಯಾಪಾರದ ಮಾತು ಬಂದಾಗ ಮಾತ್ರ ನೀನು ನನ್ನ ಮುಖ ನೋಡುತ್ತೀ. ಎಂಬಿಎ ನಿನ್ನದೇ ಆಸೆಯಾದರೆ ಓದು. ನನ್ನ ಸಲುವಾಗಿ ಆದರೆ ಬೇಡ, ಪುಣೆಗೆ ಹೋಗು.

ಇಷ್ಟು ಬರೆದು ಗಟ್ಟಿಯಾಗಿ ಓದಿ ಮಡಚುತ್ತಿದ್ದೆ. ನಿನ್ನ ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಆಕಿ ಯಾತರ ಸಲುವಾಗಿ ಓದಾಕ ಹೊಂಟಾಳಂತ ನಿಮಗ ಗೊತ್ತೈತಿ. ಖರೇನ ಬರೀರಿ."

ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವರು ಮಲ್ಲಯ್ಯ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಮುರಗೆಪ್ಪ

ತಾ.ಕ.: ನಮ್ಮ ಮಗ್ಗಗಳು ಈಗಿಲ್ಲ. ನೂಲು ಕೊಡುತ್ತಿದ್ದ ಸಾಹುಕಾರ ಕೈಬಿಟ್ಟ. ಸಂಕ್ರಾಂತಿಗೆ ನೀನು ಬಂದು ಹುಬ್ಬಳ್ಳಿಯ ಕಾಲೇಜಿಗೆ ಮರಳಿದ ವಾರವೇ ಗುಜರಿಯವರು ನಾಲ್ಕನ್ನೂ ಬಿಚ್ಚಿ ಒಯ್ದರು. ನಿನಗೆ ಹೇಳಲು ನಾಚಿಕೆಯಾಯಿತು. ಅಂದಿನಿಂದ ನಿನ್ನ ಫೋನ್ ಬಂದಾಗಲೆಲ್ಲ, ಹಿಂದಿನ ಓಣಿಯ ಜಕ್ಕಪ್ಪನ ಮಗ್ಗದ ಮನೆಯ ಬಾಗಿಲಿಗೆ ಓಡಿಹೋಗಿ ಮಾತಾಡಿದ್ದೇನೆ. "ಅಪ್ಪಾ, ಸಪ್ಪಳದಾಗ ಏನೂ ಕೇಳಸವಲ್ದು, ಹೊರಗ ಬಾ" ಅನ್ನುತ್ತಿದ್ದೆ ನೀನು. ನಾನು ಹೊರಗೇ ನಿಂತಿರುತ್ತಿದ್ದೆ, ಮಗಳೇ.